ಕಂಠದಾನ

ಕಣ್ಣು ಮಂಜಾದ ಮೇಲೆ ಅರಸೀಕೆರೆಯ ನಮ್ಮ ಮನೆಯ ಟೀವಿ ಅಮ್ಮನಿಗೆ ರೇಡಿಯೋ ಆಗಿಬಿಟ್ಟಿದೆ. ಒಂದು ಸಂಜೆ ಹಳೆಯ ಚಿತ್ರದಲ್ಲಿ ಪರಭಾಷೆಯ ನಾಯಕಿಯೊಬ್ಬಳು ಅಳುತ್ತಿದ್ದಳು. “ಇದು ಸುಧಾರಾಣಿ ದನಿ ಅಲ್ವೇನೇ?” ಅಂದರು ಅಮ್ಮ. ನನಗೂ ಹಾಗೇ ಕೇಳಿಸಿತು.

ಬಾಲನಟಿಯಾಗಿ ಬಂದು, 1986ರ ‘ಆನಂದ್’ ಚಿತ್ರದಲ್ಲಿ ಎಳೆವಯಸ್ಸಿಗೇ ನಾಯಕಿಯಾದ ಸುಧಾರಾಣಿ ಮುಂದೆ ಬೇರೆ ನಟಿಯರಿಗೂ ದನಿ ಕೊಟ್ಟವರು. ಇದನ್ನು ‘ಕಂಠದಾನ’ ಎನ್ನುತ್ತಾರೆ. ಸಂಭಾವನೆ ಪಡೆದು ಮಾಡುವ ದುಡಿಮೆಗೆ ದಾನವೆಂಬ ಹೆಸರೇಕೋ! ಅಡುಗೆಮನೆಯಲ್ಲಿ ದುಡಿಯುವ ನಮಗೆ ಇಂಥ ಮಾತು ಹೊಸದಲ್ಲ ಬಿಡಿ.

ಆ ದೃಶ್ಯದಲ್ಲಿ ಮುಖ ಅಳುವನ್ನು ತೋರಿಸುತ್ತಿತ್ತು; ದನಿ ಅಳುವನ್ನು ತಡೆಯುತ್ತಿತ್ತು. ಮಾತಿನ ತುದಿಯಲ್ಲಿ ಉಸಿರು ನುಂಗಿದ ರೀತಿಯೇ ನಿಜವಾದ ಅಭಿನಯ. ಮುಖ ಅದಕ್ಕೆ ಸಮನಾಗಲಿಲ್ಲ. ಕೊನೆಗೆ ಹೆಸರು ಹುಡುಕೋಣವೆಂದರೆ ಅಷ್ಟರಲ್ಲಿ ಜಾಹೀರಾತು ಬಂದಿತ್ತು.

ಆಮೇಲೆ ಬೇಲೂರಿಗೆ ಹೋದಾಗ, ಮದನಿಕೆಯರನ್ನು ಕೆತ್ತಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನೂ ಕಲ್ಲಿನಲ್ಲಿ ಬರೆದಿದ್ದಾರೆಂದು ಅಮ್ಮನಿಗೆ ಹೇಳಿದೆ. “ಒಂಬೈನೂರು ವರ್ಷ ಆದರೂ ಹೆಸರಿದೆ. ಆವತ್ತು ಅತ್ತವಳದ್ದು ಯಾಕೆ ತೋರಿಸಲಿಲ್ಲ?” ಅಂದರು.

ಹಳೇಬೀಡಿನ ಬಸ್ಸು ಬರುವವರೆಗೂ ಅದೇ ಮಾತು.