ಕಿರುಗಾಯದ ಹೆಗ್ಗಳಿಕೆ

ಸುಮಾರು 5000 ಶಿಶುಗಳಲ್ಲಿ ಒಂದು, ಗುದದ್ವಾರವು ಯಥಾಸ್ಥಾನದಲ್ಲಿ ರೂಪುಗೊಳ್ಳದೆ ಜನಿಸುತ್ತದೆ. ಹೆಣ್ಣುಶಿಶುವಾದರೆ ಅನೇಕವೇಳೆ ಮಲಾಶಯವು ಫಿಸ್ಟುಲಾ ಎಂಬ ಅಸಹಜ ಮಾರ್ಗದಿಂದ ಜನನಾಂಗದತ್ತ ತೆರೆದುಕೊಂಡಿರುತ್ತದೆ. ಇದನ್ನು ಸರಿಪಡಿಸಲು 1982ರಲ್ಲಿ ಪೆನ್ಯಾ ಮತ್ತು ಡಿವ್ರೀಸ್ ಅವರು ಪ್ರಕಟಿಸಿದ ವಿಧಾನವು, ಹಿಂಬದಿಯಿಂದ ನಟ್ಟನಡುವಿನ ರೇಖೆಯಲ್ಲಿ ಸೀಳಿ, ಸ್ನಾಯುಗಳನ್ನು ವಿದ್ಯುತ್ ಪ್ರಚೋದಕದಿಂದ ಗುರುತಿಸುತ್ತ, ಎಲ್ಲವನ್ನೂ ಕಣ್ಣಾರೆ ಕಂಡು ಮಾಡುವಂಥದು. 2000ದಲ್ಲಿ ಅಮೆರಿಕದ ಜಾರ್ಜ್‌ಸನ್ ಮತ್ತು ಸಂಗಡಿಗರು ಪ್ರತಿಪಾದಿಸಿದ ಲ್ಯಾಪರೋಸ್ಕೋಪಿಯ ವಿಧಾನವಾದರೋ, ಉದರದ ಕಿರುರಂಧ್ರಗಳ ಮೂಲಕ ಮಲಾಶಯವನ್ನು ಬಿಡಿಸಿ, ಸ್ನಾಯುವಲಯವನ್ನು ಸೀಳದೆಯೇ ಅದರ ಮಧ್ಯದಿಂದ ಕೆಳಗೆಳೆದು ತರುತ್ತದೆ.

ಫಿಸ್ಟುಲಾ ಶ್ರೋಣಿಯ ಮೇಲ್ಭಾಗದಲ್ಲಿದ್ದಾಗ ಈ ಹೊಸ ಮಾರ್ಗದ ಶ್ರೇಷ್ಠತೆಯನ್ನು ನಾನು ಮುಕ್ತಕಂಠದಿಂದ ಒಪ್ಪುತ್ತೇನೆ. ಉದರವನ್ನು ಅಗಲವಾಗಿ ತೆರೆಯುವ ಅಗತ್ಯವನ್ನೇ ಅದು ನಿವಾರಿಸಿತು. ಆದರೆ ಯೋನಿಯೊಳಗೇ ತೆರೆಯುವ ನಿಜವಾದ ಫಿಸ್ಟುಲಾ ಅತ್ಯಂತ ವಿರಳವೆಂಬುದೂ, ಬಹುಪಾಲು ಹೆಣ್ಣುಮಕ್ಕಳಲ್ಲಿ ಅದು ಯೋನಿಯ ಹೊರಬಾಗಿಲಲ್ಲಿಯೇ ತೆರೆಯುವುದೆಂಬುದೂ, ಮೂತ್ರ, ಯೋನಿ, ಮಲ ಈ ಮೂರೂ ಮಾರ್ಗಗಳು ಒಂದಾಗಿರುವ ಕ್ಲೋಯಾಕವನ್ನು ಎಷ್ಟೋ ಸಲ ಯೋನಿಯ ಫಿಸ್ಟುಲಾ ಎಂದೇ ಹೆಸರಿಸಿದ್ದುಂಟೆಂಬುದೂ ಮರೆಯತಕ್ಕ ಮಾತುಗಳಲ್ಲ. ಹೊರಬಾಗಿಲ ಫಿಸ್ಟುಲಾದಲ್ಲಿ ಮಲಾಶಯಕ್ಕೂ ಯೋನಿಗೂ ನಡುವಣ ಗೋಡೆ ಒಂದೇ. ಅದನ್ನು ಕೂದಲೆಳೆಯಷ್ಟೂ ತಪ್ಪದ ಎಚ್ಚರದಿಂದ ಬೇರ್ಪಡಿಸುವುದೇ ಆ ಶಸ್ತ್ರಕ್ರಿಯೆಯ ತಿರುಳು. ಕೈಗೆಟಕುವಷ್ಟು ಕೆಳಗಿರುವ ಆ ಸ್ಥಳವನ್ನು ಮೇಲಿನಿಂದ, ಇಕ್ಕಟ್ಟಾದ ಶ್ರೋಣಿಯ ಆಳಕ್ಕಿಳಿದು ಮುಟ್ಟುವ ಹಟದಲ್ಲಿ ನನಗೆ ವಿವೇಕಕ್ಕಿಂತ ಉಪಕರಣವ್ಯಾಮೋಹವೇ ಹೆಚ್ಚಾಗಿ ಕಾಣುತ್ತದೆ.

ಇನ್ನು ಗಾಯದ ಅಲ್ಪತ್ವದ ಮಾತು. ಶ್ರೋಣಿಯ ಮೇಲ್ಭಾಗದ ನ್ಯೂನತೆಯುಳ್ಳ ಮಗುವಿಗೆ ಸಾಮಾನ್ಯವಾಗಿ ಮೊದಲು ಹೊಟ್ಟೆಯ ಮೇಲೆ ಮಲ ಹೊರಬರುವ ಕೊಲಾಸ್ಟಮಿಯ ದ್ವಾರವನ್ನು ಮಾಡಿ, ಅನಂತರ ಮುಖ್ಯ ಶಸ್ತ್ರಕ್ರಿಯೆಯನ್ನು ನಡೆಸಿ, ಕಡೆಗೆ ಆ ದ್ವಾರವನ್ನು ಮುಚ್ಚುತ್ತಾರೆ. ತಿಂಗಳುಗಟ್ಟಲೆ ಅದರ ಚೀಲವನ್ನು ಬದಲಿಸುತ್ತ, ಕೆಂಪೇರಿದ ಚರ್ಮಕ್ಕೆ ಮುಲಾಮು ಸವರುತ್ತ ಕಳೆದ ತಾಯಿಯ ಮುಂದೆ ಕಿರುರಂಧ್ರದ ಸೌಂದರ್ಯವನ್ನು ಬಣ್ಣಿಸುವುದು ಸ್ವಲ್ಪ ಅಪಹಾಸ್ಯವೇ ಸರಿ. ಮಗುವಿಗೆ ಮಲವಿಸರ್ಜನೆಯ ಮೇಲೆ ಸ್ವಾಧೀನ ಬರುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವು ನ್ಯೂನತೆಯ ಬಗೆ, ತ್ರಿಕಾಸ್ಥಿಯ ಬೆಳವಣಿಗೆ, ಬೆನ್ನುಹುರಿಯ ಸ್ಥಿತಿ. ಇವಾವುವೂ ರಂಧ್ರದ ಅಳತೆಗೆ ಮಣಿಯುವಂಥವಲ್ಲ. 2005ರಲ್ಲಿ ಜರ್ಮನಿಯ ಕ್ರಿಕೆನ್‌ಬೆಕ್‌ನಲ್ಲಿ ಸೇರಿದ ತಜ್ಞರು ಫಲಿತಾಂಶವನ್ನು ಮಗುವಿಗೆ ಮೂರು ವರ್ಷ ತುಂಬಿದ ಮೇಲೆ ಅಳೆಯಬೇಕೆಂದು ಗೊತ್ತುಮಾಡಿದ್ದು ಸರಿಯಾಗಿಯೇ ಇದೆ. ಆಸ್ಪತ್ರೆಯಿಂದ ಬೇಗನೆ ಮನೆಗೆ ಕಳುಹಿಸಿದ್ದನ್ನೇ ಮುಂದುಮಾಡುವ ವರದಿಗಳನ್ನು ಓದುವಾಗ, ಫಿಸ್ಟುಲಾ ತೆರೆದುಕೊಂಡಿದ್ದುದು ಎಲ್ಲಿ, ಆ ಮಕ್ಕಳಿಗೆ ಈಗ ವಯಸ್ಸೆಷ್ಟು ಎಂಬೆರಡು ಪ್ರಶ್ನೆಗಳನ್ನು ನಾನು ಮೊದಲು ಕೇಳಿಕೊಳ್ಳುತ್ತೇನೆ.