ಕಾವೇರಿಯನ್ನು ಕೂಗಿದವರು

ಪುಟ್ಟಣ್ಣ ಕಣಗಾಲರ ‘ಶರಪಂಜರ’ದ (1971) ಮಾತು ಬಂದರೆ ಬಹುತೇಕರು ಕಡೆಯ ಭಾಗದಿಂದಲೇ ಶುರುಮಾಡುತ್ತಾರೆ. ಮತಿ ಕಳೆದುಕೊಂಡ ಕಾವೇರಿ, ಕಲ್ಪನಾ ಅವರ ಆ ಕಣ್ಣುಗಳು, ಆ ದನಿ. ಅಣಕು ಮಾಡಿ ನಗಿಸುವವರಿಗೂ ಅದೇ ಬೇಕು. ಈಚೆಗೆ ಮತ್ತೆ ನೋಡಿದಾಗ ನನ್ನನ್ನು ಕಾಡಿದ್ದು ಅದಕ್ಕೂ ಮುಂಚಿನದು: ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಹೆಂಗಸಿಗೆ ಆ ಮನೆಯಲ್ಲಿ ಏನಾಗುತ್ತದೆ ಎಂಬುದು.

ಈ ಸಿನಿಮಾದಲ್ಲಿ ಕಾವೇರಿ ಎರಡು ಸಲ ಕುಸಿಯುತ್ತಾಳೆ. ಎರಡಕ್ಕೂ ಕಾರಣ ಬೇರೆ ಬೇರೆ. ಮೊದಲನೆಯದು ಬಾಣಂತನದಲ್ಲಿ, ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದು. ಮದುವೆಗೆ ಮುಂಚಿನ ಲೈಂಗಿಕ ಆಘಾತವೊಂದರಲ್ಲಿ ಅದರ ಬೇರಿದೆ ಎಂದು ಸಿನಿಮಾ ತೋರಿಸುತ್ತದೆ. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಹಿಸ್ಟೀರಿಯಾ ಕುರಿತು ಬರೆದ ಪುಸ್ತಕದ ದಾರಿ ಇದು: ಅದುಮಿಟ್ಟ ನೆನಪು ರೋಗಲಕ್ಷಣವಾಗಿ ಮರಳುತ್ತದೆ. ಮೂಲ ಕಾದಂಬರಿ ಬರೆದ ತ್ರಿವೇಣಿಯವರು ಮನಶ್ಶಾಸ್ತ್ರ ಓದಿದ್ದವರು. (ಸಿನಿಮಾ ನೋಡಲು ಅವರಿರಲಿಲ್ಲ, 1963ರಲ್ಲೇ ತೀರಿಕೊಂಡಿದ್ದರು.) ಹುಚ್ಚು ಎಂದೊಡನೆ ದೆವ್ವ, ಮಾಟ ಎನ್ನುವ ಜನರ ನಡುವೆ, ಅದು ವಾಸಿಯಾಗುವ ಕಾಯಿಲೆ ಎಂದು ಜನಪ್ರಿಯ ಸಿನಿಮಾವೊಂದು ಹೇಳಿದ್ದು ಸಣ್ಣ ಸಂಗತಿಯಲ್ಲ.

ಆದರೆ ಈ ವಿವರಣೆಯಲ್ಲಿ ನೋಡುವವರಿಗೆ ಒಂದು ಅನುಕೂಲವೂ ಇದೆ. ತಪ್ಪು ಹೊರಗಿನವನೊಬ್ಬನದು, ಎಂದೋ ಆಗಿಹೋದದ್ದು. ಮನೆ, ಗಂಡ, ನೆರೆಹೊರೆ ಎಲ್ಲ ನಿರ್ದೋಷಿಗಳು. ಕತೆ ಅಲ್ಲಿಗೇ ಮುಗಿದಿದ್ದರೆ ಡಾಕ್ಟರಿಗೆ ಕೈಮುಗಿದು ಎದ್ದು ಬರಬಹುದಿತ್ತು.

ಪುಟ್ಟಣ್ಣ ಅಲ್ಲಿಗೆ ನಿಲ್ಲಿಸುವುದಿಲ್ಲ. ಫ್ರೆಂಚ್ ಚಿಂತಕ ಅಲ್ತೂಸರ್ 1970ರ ಪ್ರಬಂಧದಲ್ಲಿ ಒಂದು ಪ್ರಸಂಗ ಕೊಡುತ್ತಾನೆ. ಬೀದಿಯಲ್ಲಿ ಪೊಲೀಸನೊಬ್ಬ ‘ಏಯ್’ ಎಂದು ಕೂಗುತ್ತಾನೆ. ನಡೆದು ಹೋಗುತ್ತಿದ್ದವನು ತನ್ನನ್ನೇ ಕರೆದದ್ದೆಂದು ತಿರುಗುತ್ತಾನೆ. ಹಾಗೆ ತಿರುಗುವುದರಲ್ಲೇ ಅವನು ವ್ಯವಸ್ಥೆ ಗುರುತಿಸಿದ ಆಸಾಮಿಯಾಗುತ್ತಾನೆ. ಐಡಿಯಾಲಜಿ ಎಂದರೆ ಬಾವುಟ, ಭಾಷಣ ಎಂದುಕೊಂಡವರಿಗೆ ‘ಶರಪಂಜರ’ದ ಉತ್ತರಾರ್ಧವನ್ನು ತೋರಿಸಬೇಕು. ಇಲ್ಲಿ ಪೊಲೀಸನಿಲ್ಲ, ಗಟ್ಟಿಯಾಗಿ ಕೂಗಬೇಕಾದ ಅಗತ್ಯವೂ ಇಲ್ಲ. ಅವಳನ್ನು ನೋಡುವ ನೋಟವೇ ಕೂಗು. ನಕ್ಕರೆ ಸಂಶಯ, ರೇಗಿದರೆ ಇನ್ನೂ ಹೆಚ್ಚು ಸಂಶಯ. ತನಗೆ ಗುಣವಾಗಿದೆ ಎಂದು ಅವಳು ಹೇಳಿದಷ್ಟೂ ಅದು ಗುಣವಾಗದ್ದಕ್ಕೆ ಸಾಕ್ಷಿ. ಗಂಡ ಸತೀಶ ಹತ್ತಿರ ಬರುವುದಿಲ್ಲ. ಅವನಿಗೆ ಬೇರೊಬ್ಬಳ ಸಂಗವಿದೆ. ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ, ಅದಕ್ಕೆ ಆಸ್ಪತ್ರೆಯೂ ಇಲ್ಲ. ಅವಳ ಮೇಲಾದ ಗಾಯ ಮಾತ್ರ ಅವಳ ಚರಿತ್ರೆಯ ಕಳಂಕ.

ಕೊನೆಗೆ ಕಾವೇರಿ ಆ ಕೂಗಿಗೆ ತಿರುಗುತ್ತಾಳೆ. ಎರಡನೆಯ ಕುಸಿತವನ್ನು ನಾನು ಹೀಗೆ ಓದುತ್ತೇನೆ: ಮನೆ ಅವಳಿಗಾಗಿ ಕಾದಿರಿಸಿದ್ದ ಒಂದೇ ಜಾಗದಲ್ಲಿ ಅವಳು ಹೋಗಿ ಕೂತಳು. ಇದಕ್ಕೆ ಫ್ರಾಯ್ಡನ ನೆನಪಿನ ಸಿದ್ಧಾಂತ ಸಾಲದು. ಈ ಗಾಯ ಹಿಂದಿನದಲ್ಲ, ದಿನದಿನವೂ ಆಗುತ್ತಿರುವುದು.

ಸಿನಿಮಾದ ಜೊತೆ ನನ್ನ ತಕರಾರಿರುವುದೂ ಇಲ್ಲೇ. ಅಲ್ಲಿಯತನಕ ಕಾವೇರಿ ಗುಣವಾಗಿದ್ದಾಳೆಂದು ಖಚಿತವಾಗಿ ಬಲ್ಲವರೆಂದರೆ ಅವಳು, ಬಿಟ್ಟರೆ ಪ್ರೇಕ್ಷಕರಾದ ನಾವು. ಮನೆಯವರಿಗೆ ಕಾಣದ್ದನ್ನು ನಾವು ಕಾಣುತ್ತಿರುತ್ತೇವೆ. ಕಡೆಯಲ್ಲಿ ಅದೇ ಕ್ಯಾಮೆರಾ ಅವಳನ್ನು ನೋಡತಕ್ಕ ವಸ್ತುವನ್ನಾಗಿ ನಮ್ಮೆದುರು ನಿಲ್ಲಿಸುತ್ತದೆ. ಸಿನಿಮಾದಲ್ಲಿ ನೋಡುವವನು ಗಂಡು, ನೋಟಕ್ಕೆ ಸಿಗುವವಳು ಹೆಣ್ಣು ಎಂದು ಲಾರಾ ಮಲ್ವಿ 1975ರಲ್ಲಿ ವಾದಿಸಿದ್ದು ಹಾಲಿವುಡ್ಡನ್ನು ಮುಂದಿಟ್ಟುಕೊಂಡು, ಅದರಲ್ಲೂ ಹಿಚ್‌ಕಾಕ್ ಮತ್ತು ಸ್ಟರ್ನ್‌ಬರ್ಗ್ ಚಿತ್ರಗಳನ್ನು. ಅದನ್ನು ಇಲ್ಲಿಗೆ ಹಾಗೆಯೇ ಹೊರಿಸಲು ನನಗೆ ಮನಸ್ಸಿಲ್ಲ. ತ್ರಿವೇಣಿಯವರನ್ನು ಓದಿಕೊಂಡು ಬಂದ ಹೆಂಗಸೊಬ್ಬಳು ಕಾವೇರಿಯಲ್ಲಿ ಕಂಡದ್ದು ಚೆಲುವನ್ನಲ್ಲ, ತನಗೂ ಬರಬಹುದಾದ ಗತಿಯನ್ನು. ಹೆಣ್ಣು ಪ್ರೇಕ್ಷಕಿಯ ಪ್ರಶ್ನೆಗೆ ಸ್ವತಃ ಮಲ್ವಿಯೇ 1981ರಲ್ಲಿ ಮರಳಬೇಕಾಯಿತು. ಆದರೂ ಕಡೆಯ ದೃಶ್ಯಗಳಲ್ಲಿ ಆಕೆಯ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಕಲ್ಪನಾ ಅಭಿನಯಕ್ಕೆ ಬೆರಗಾಗಿ ಕೂತಷ್ಟು ಹೊತ್ತು ನಾವೂ ಕಿಟಕಿಯಲ್ಲಿ ಇಣುಕುವ ನೆರೆಯವರೇ.

ಅಣಕು ಮಾಡುವವರ ಮಾತಿಗೆ ಬರುತ್ತೇನೆ. ಆಸ್ಪತ್ರೆಯಿಂದ ಮರಳಿದ ಕಾವೇರಿಯನ್ನು ಅವರು ಯಾರೂ ಆರಿಸಿಕೊಳ್ಳುವುದಿಲ್ಲ. ನಕಲು ಮಾಡಲು ಅಲ್ಲಿ ಅವಳು ವಿಶೇಷವಾದುದೇನನ್ನೂ ಮಾಡುತ್ತಿರುವುದಿಲ್ಲ; ಮಾಡುತ್ತಿರುವವರು ಸುತ್ತಲಿನವರು.