ಹಿಂದಿರುಗಬಲ್ಲ ನಡಿಗೆ

ರಾಜಧಾನಿಯ ಕಚೇರಿಗಳಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ, ಸಾಮಾನು ಕಟ್ಟಿಕೊಂಡು ಮೈಸೂರಿಗೋ ಧಾರವಾಡಕ್ಕೋ ಮರಳಿದ ಕನ್ನಡಿಗರಲ್ಲಿ, ತುಘಲಕಾಬಾದಿನ ಕೋಟೆಗೆ ಅನತಿದೂರದಲ್ಲಿಯೇ ಚಿರತೆ ಸಂಚರಿಸುವ ಕಾಡೊಂದಿದೆ ಎಂಬುದನ್ನು ಅರಿಯದೆ ಹೋದವರು ಬಹುಮಂದಿ. ಅವರನ್ನು ದೂರುವಂತಿಲ್ಲ. ಅರಾವಳಿಯ ಬೆಟ್ಟಸಾಲು ಉತ್ತರಕ್ಕೆ ಬರುಬರುತ್ತ ಕುಗ್ಗಿ, ದಿಲ್ಲಿಯನ್ನು ಪ್ರವೇಶಿಸುವ ವೇಳೆಗೆ ಬೆಟ್ಟವೆನ್ನಲು ಸಂಕೋಚವಾಗುವಷ್ಟು ತಗ್ಗಿ, ಜನರ ಬಾಯಲ್ಲಿ ಬರಿಯ ‘ರಿಡ್ಜ್’ ಎನಿಸಿಕೊಂಡಿದೆ. ಮಲೆನಾಡಿನ ಹಸುರನ್ನು ಕಂಡ ಕಣ್ಣಿಗೆ ಈ ಕುರುಚಲು ಮುಳ್ಳುಗಾಡು ಕಾಡೆಂದು ತೋರದಿರುವುದು ಸಹಜವೇ. ಆ ಸಾಲಿನ ದಕ್ಷಿಣಭಾಗದಲ್ಲಿ, 1986ರಲ್ಲಿ ಅಸೋಲಾ ಪ್ರದೇಶವನ್ನೂ 1991ರಲ್ಲಿ ಭಾಟಿ ಪ್ರದೇಶವನ್ನೂ ಅಭಯಾರಣ್ಯವೆಂದು ಘೋಷಿಸಿದುದರಿಂದ, ಸುಮಾರು 32 ಚದರ ಕಿಲೋಮೀಟರುಗಳ ನೆಲ ಇಂದು ವನ್ಯಜೀವಿಗಳಿಗೆ ಆಶ್ರಯವಾಗಿ ಉಳಿದಿದೆ. ಭಾಟಿಯ ನೆಲವೇ ದಶಕಗಳ ಕಾಲ ಗಣಿಯಾಗಿತ್ತು. ನಗರದ ಮನೆಗಳ ಗಾರೆಗೆ ಬೇಕಾದ, ‘ಬದರ್‌ಪುರ್’ ಎಂದು ಹೆಸರಾದ ಕೆಂಪು ಮರಳು ಇಲ್ಲಿಂದಲೇ ಹೋಗುತ್ತಿತ್ತು. ಗಣಿ ನಿಂತಿತು, ತೋಡಿದ ಹಳ್ಳಗಳಲ್ಲಿ ನೀರು ನಿಂತು ನೀಲಿ ಸರೋವರಗಳಾದುವು, ಮನುಷ್ಯನು ಬಗೆದು ಬಿಸುಟ ಭೂಮಿಗೆ ಮೃಗಗಳು ಹಿಂದಿರುಗಿದುವು.

ಈ ಅಭಯಾರಣ್ಯದಲ್ಲಿಯೂ, ಗುರುಗ್ರಾಮದ ಬಳಿಯ ಸುಲ್ತಾನ್‌ಪುರದ ಜಲಾಶಯದ ಸುತ್ತಲೂ, ಯಮುನೆಯ ಓಖ್ಲಾ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿಯೂ, ಚಳಿಗಾಲದ ಭಾನುವಾರಗಳಂದು ಹತ್ತು ಹನ್ನೆರಡು ಜನರ ಸಣ್ಣ ಗುಂಪುಗಳು ಒಬ್ಬ ಮಾರ್ಗದರ್ಶಿಯ ಹಿಂದೆ ಮೌನವಾಗಿ ನಡೆಯುವುದನ್ನು ಕಾಣಬಹುದು. ಈ ಪದ್ಧತಿ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಗಾಂಧೀಜಿಯವರ ಸ್ನೇಹಿತರಾಗಿದ್ದ ಹೊರೇಸ್ ಅಲೆಕ್ಸಾಂಡರ್ ಮೊದಲಾದವರು 1950ರಲ್ಲಿ ದಿಲ್ಲಿಯಲ್ಲಿ ಪಕ್ಷಿವೀಕ್ಷಕರ ಸಂಘವೊಂದನ್ನು ಸ್ಥಾಪಿಸಿದರು. ಉಷಾ ಗಂಗೂಲಿಯವರು ಬರೆದ ದಿಲ್ಲಿ ಪರಿಸರದ ಹಕ್ಕಿಗಳ ಕೈಪಿಡಿ 1975ರಲ್ಲಿ ಪ್ರಕಟವಾಯಿತು. 1883ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ದಿಲ್ಲಿಯ ಅರಣ್ಯ ಇಲಾಖೆಯೊಡನೆ ಸೇರಿ ಅಸೋಲಾದಲ್ಲಿ ಸಂರಕ್ಷಣಾ ಶಿಕ್ಷಣಕೇಂದ್ರವೊಂದನ್ನು ನಡೆಸಿಕೊಂಡು ಬಂದಿದೆ. ಇವೆಲ್ಲದರ ಫಲವಾಗಿ ಬೆಳೆದ ಈ ನಡಿಗೆಯನ್ನು, ಒಂದು ಕಾವ್ಯವನ್ನೋ ನಾಟಕವನ್ನೋ ತೂಗಿ ನೋಡುವಷ್ಟೇ ಗಾಂಭೀರ್ಯದಿಂದ ತೂಗಿ ನೋಡುವುದು ಯುಕ್ತವೆಂದು ನನಗೆ ತೋರುತ್ತದೆ. ಏಕೆಂದರೆ ಇದೂ ಒಂದು ಕಲೆ, ಇದರಲ್ಲಿಯೂ ಉತ್ತಮ ಅಧಮಗಳುಂಟು, ಮತ್ತು ಇದರ ಅಧಮತ್ವದ ನಷ್ಟವನ್ನು ಹೊರುವವು ಮಾತನಾಡಲಾರದ ಪ್ರಾಣಿಗಳು.

ಮೊದಲು ಇದರ ಗುಣವನ್ನು ಹೇಳಬೇಕು. ಅಸೋಲಾದಲ್ಲಿ ಹಗಲು ಹೊತ್ತಿನಲ್ಲಿ ನಡೆಯುವವನಿಗೆ ಚಿರತೆ ಕಾಣುವುದು ಅತ್ಯಂತ ವಿರಳ. ಕತ್ತೆಕಿರುಬ, ಮುಳ್ಳುಹಂದಿ, ಪುನುಗುಬೆಕ್ಕುಗಳೂ ಹಾಗೆಯೇ, ಇರುಳಿನ ಪ್ರಜೆಗಳು. ಆದುದರಿಂದ ಇಲ್ಲಿಯ ಉತ್ತಮ ಮಾರ್ಗದರ್ಶಿಯು ಪ್ರಾಣಿಯನ್ನು ತೋರಿಸುವೆನೆಂದು ಭಾಷೆ ಕೊಡುವುದಿಲ್ಲ. ಪ್ರಾಣಿಯು ಬರೆದು ಹೋದುದನ್ನು ಓದಿಸುತ್ತಾನೆ. ನೆಲದ ಮೇಲೆ ಬಾಗಿ, ಈ ಹೆಜ್ಜೆಯಲ್ಲಿ ಉಗುರಿನ ಗುರುತಿದೆ, ಆದುದರಿಂದ ಇದು ಉಗುರನ್ನು ಒಳಗೆಳೆದುಕೊಂಡು ನಡೆಯುವ ಚಿರತೆಯದಲ್ಲ, ಕಿರುಬನದು. ಮುಂಗಾಲಿನ ಗುರುತು ಹಿಂಗಾಲಿನದಕ್ಕಿಂತ ದೊಡ್ಡದಾಗಿರುವುದನ್ನು ನೋಡಿ ಎನ್ನುತ್ತಾನೆ. ಸುಣ್ಣದಂತೆ ಬೆಳ್ಳಗೆ ಒಣಗಿದ ಮಲವನ್ನು ತೋರಿಸಿ, ಮೂಳೆಯನ್ನು ಅರಗಿಸಿಕೊಳ್ಳುವ ಕಿರುಬನ ಜಠರದ ವೃತ್ತಾಂತವನ್ನು ಹೇಳುತ್ತಾನೆ. ಒಂದೇ ಎಡೆಯಲ್ಲಿ ರಾಶಿಯಾಗಿ ಬಿದ್ದ ಹಿಕ್ಕೆಯನ್ನು ಕಂಡು, ನೀಲಗಾಯ್‌ಗಳು ದಿನವೂ ಅದೇ ಸ್ಥಳಕ್ಕೆ ಬಂದು ಮಲ ವಿಸರ್ಜಿಸುವುವೆಂದೂ ಅದು ಅವುಗಳ ಪರಸ್ಪರ ಸಂದೇಶವೆಂದೂ ವಿವರಿಸುತ್ತಾನೆ. ಹರಟೆಮಲ್ಲಗಳ ಗುಂಪು ಒಮ್ಮೆಗೇ ಕರ್ಕಶವಾಗಿ ಕೂಗಿಕೊಂಡಾಗ ಬೆರಳೆತ್ತಿ ಎಲ್ಲರನ್ನೂ ನಿಲ್ಲಿಸಿ, ಪೊದೆಯಡಿಯಲ್ಲಿ ಹಾವೋ ಕಾಡುಬೆಕ್ಕೋ ಇರಬೇಕೆಂದು ಪಿಸುಗುಟ್ಟುತ್ತಾನೆ. ಒಂದು ಗಂಟೆಯ ಅನಂತರ, ಬರಿಯ ಮುಳ್ಳುಗಾಡೆಂದು ತೋರುತ್ತಿದ್ದ ಸ್ಥಳವು ಅಕ್ಷರಗಳಿಂದ ತುಂಬಿದ ಪತ್ರದಂತೆ ತೋರತೊಡಗುತ್ತದೆ.

ಗಿಡಮರಗಳ ವಿಷಯದಲ್ಲಿಯೂ ಇಂತಹ ಶಿಕ್ಷಣವುಂಟು. ಇಲ್ಲಿಯವರು ‘ವಿಲಾಯತಿ ಕೀಕರ್’ ಎಂದು ಶಪಿಸುವ ಮರ ನಮ್ಮ ಬಳ್ಳಾರಿ ಜಾಲಿಯೇ ಎಂದು ತಿಳಿದಾಗ ನನಗೆ ಪರದೇಶದಲ್ಲಿ ಊರಿನ ದುಷ್ಟನನ್ನು ಕಂಡಂತಾಯಿತು. ಅದು ತನ್ನ ನೆರಳಿನಲ್ಲಿ ಬೇರೊಂದು ಗಿಡವನ್ನು ಏಳಗೊಡದೆ ರಿಡ್ಜಿನ ಬಹುಭಾಗವನ್ನು ಆಕ್ರಮಿಸಿಕೊಂಡಿದೆ. ಈ ನೆಲದ ನಿಜವಾದ ಒಡೆಯನಾದ ‘ಧೌ’ ಮರವು ನಮ್ಮ ದಿಂಡಿಗದ ಬಂಧು.

ಇಂತಹ ನಡಿಗೆಯ ರುಚಿ ಕನ್ನಡಿಗರಿಗೆ ಅಪರಿಚಿತವಲ್ಲ. ವಿದ್ಯಾರ್ಥಿಗಳ ಗುಂಪನ್ನು ಕಟ್ಟಿಕೊಂಡು ಕಾಡುಮೇಡುಗಳನ್ನು ಸುತ್ತಿದ ಡಾ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’, 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದ ಕೃತಿ, ಮೂಲತಃ ಒಬ್ಬ ಗುರುವಿನ ಹಿಂದೆ ಕೆಲವರು ನಡೆದ ನಡಿಗೆಯ ಕಥೆಯಲ್ಲದೆ ಮತ್ತೇನು? ಆ ಪುಸ್ತಕವನ್ನು ಓದಿ ಬೆಳೆದವನು ಅಸೋಲಾದ ಕಲ್ಲುಹಾದಿಯಲ್ಲಿ ನಿಂತಾಗ, ಜ್ಞಾನವು ಹೆಜ್ಜೆಯ ವೇಗದಲ್ಲಿಯೇ ಬರತಕ್ಕದ್ದೆಂಬ ನಂಬಿಕೆ ಅವನಲ್ಲಿ ಮತ್ತೆ ದೃಢವಾಗುತ್ತದೆ. ನಾಗರಹೊಳೆ ಬಂಡೀಪುರಗಳಲ್ಲಿ ಜೀಪಿನಲ್ಲಿ ಕುಳಿತು ಹುಲಿಯನ್ನು ಕಂಡವರ ಆನಂದವನ್ನು ನಾನು ಅಲ್ಲಗಳೆಯುವುದಿಲ್ಲ. ಅಂತಹ ಕಾಡುಗಳಲ್ಲಿ ನಡೆಯುವುದು ಸುರಕ್ಷಿತವೂ ಅಲ್ಲ. ಆದರೆ ಒಂದು ಹುಲಿಯ ಸುತ್ತ ವಾಹನಗಳು ಕವಿದುಕೊಂಡಾಗ ಅಲ್ಲಿ ಉಳಿಯುವುದು ನೋಟ ಮಾತ್ರ, ಓದು ಉಳಿಯುವುದಿಲ್ಲ.

ಇನ್ನು ದೋಷಗಳಿಗೆ ಬರುತ್ತೇನೆ. ಅದಕ್ಕೆ ಮುನ್ನ ಎರಡು ಮುಂಜಾವುಗಳನ್ನು ನೆನೆಯುವುದು ಅಗತ್ಯ.

ಮೊದಲನೆಯದು ಜನವರಿಯ ಒಂದು ಮುಂಜಾವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಮುಂದಿನವರ ಶಾಲೊಂದನ್ನೇ ಗುರುತಾಗಿ ಹಿಡಿದು ನಡೆಯಬೇಕಾಗಿತ್ತು. ನಾವು ಹೊರಟಿದ್ದುದು ಭಾಟಿಯ ನೀಲಿ ಝೀಲನ್ನು ನೋಡಲು. ಗುಂಪಿನಲ್ಲಿ ಹಲವರು ಅದಕ್ಕಾಗಿಯೇ ನಾಲ್ಕು ಗಂಟೆಗೆ ಎದ್ದು ನೋಯಿಡಾದಿಂದಲೂ ಗಾಜಿಯಾಬಾದಿನಿಂದಲೂ ಬಂದಿದ್ದರು. ಸರೋವರಕ್ಕೆ ಇನ್ನೇನು ಕಾಲು ಗಂಟೆಯ ಹಾದಿ ಉಳಿದಿದೆ ಎನ್ನುವಾಗ, ತಿರುವಿನಾಚೆ, ಒಂದು ಹೆಣ್ಣು ನೀಲಗಾಯ್ ತನ್ನ ಎಳೆಯ ಕರುವಿನೊಡನೆ ದಾರಿಯ ಮಧ್ಯದಲ್ಲಿ ನಿಂತಿತ್ತು. ಕರುವಿನ ಕಾಲುಗಳು ಇನ್ನೂ ಗಟ್ಟಿಯಾಗಿರಲಿಲ್ಲ. ತಾಯಿ ಕಿವಿಗಳನ್ನು ನಮ್ಮತ್ತ ತಿರುಗಿಸಿ, ಮೇವನ್ನು ಮೆಲ್ಲುವುದನ್ನು ನಿಲ್ಲಿಸಿತು. ಮಾರ್ಗದರ್ಶಿಯಾಗಿದ್ದ ಯುವಕನು ಆ ನಿಂತ ದವಡೆಯನ್ನು ಕಂಡೊಡನೆಯೇ ಕೈಯನ್ನು ಹಿಂದಕ್ಕೆ ಬೀಸಿದನು. ದಾರಿಯ ಎರಡು ಕಡೆಯೂ ಗಣಿಯ ಕಡಿದಾದ ಅಂಚು. ನಾವು ಮುಂದುವರಿದರೆ ಅವು ಓಡಬೇಕು, ಓಡಿದರೆ ಕರು ಹಿಂದೆ ಬೀಳುತ್ತದೆ, ಹೊರಗೆ ಊರನಾಯಿಗಳ ಹಿಂಡುಗಳಿವೆ, ಎಂದು ಅವನು ಮೆಲುದನಿಯಲ್ಲಿ ಹೇಳಿ, ನಾವೆಲ್ಲರೂ ಬಂದ ದಾರಿಯಲ್ಲಿಯೇ ಮರಳುವಂತೆ ಮಾಡಿದನು. ಸರೋವರ ದೊರೆಯಲಿಲ್ಲ. ಹಣ ತೆತ್ತು ಬಂದವರಲ್ಲಿ ಕೆಲವರ ಮುಖ ಬಾಡಿತು. ನನಗೂ ಆ ಕ್ಷಣದಲ್ಲಿ ನಿರಾಶೆಯಾದುದು ಸತ್ಯ. ಮನೆಗೆ ಬಂದ ಮೇಲೆ, ಈ ನಡಿಗೆಗಳಲ್ಲಿ ನಾನು ಕಂಡ ಅತ್ಯುತ್ತಮವಾದುದು ಆ ಬೀಸಿದ ಕೈಯೇ ಎಂದು ತಿಳಿಯಿತು.

ಎರಡನೆಯದು ಬೇರೊಂದು ವರ್ಷದ, ಬೇರೊಂದು ಕೆರೆಯ ದಂಡೆಯ ಮುಂಜಾವು. ನಡೆಸಿದವರ ಹೆಸರು ಇಲ್ಲಿ ಅನವಶ್ಯಕ. ಗುಂಪಿನ ಬಹುಪಾಲು ಜನರ ಕೈಯಲ್ಲಿ ಮೊಳದುದ್ದದ ಮಸೂರಗಳಿದ್ದುವು. ನೀರಿನ ಮೇಲೆ ಉತ್ತರದೇಶಗಳಿಂದ ಬಂದ ಬಾತುಗಳು ತಲೆಯನ್ನು ರೆಕ್ಕೆಯಲ್ಲಿ ಹುದುಗಿಸಿ ನಿದ್ರಿಸುತ್ತಿದ್ದುವು. ನಿದ್ರಿಸುವ ಹಕ್ಕಿಯ ಚಿತ್ರ ಸೊಗಸಲ್ಲವೆಂದು ಯಾರೋ ಹೇಳಲು, ನಾಯಕನು ಎರಡು ಬಾರಿ ಜೋರಾಗಿ ಚಪ್ಪಾಳೆ ತಟ್ಟಿದನು. ನೂರಾರು ಹಕ್ಕಿಗಳು ಒಮ್ಮೆಗೇ ಎದ್ದುವು. ಯಂತ್ರಗಳು ಮಳೆಯಂತೆ ಸದ್ದುಮಾಡಿದುವು. ಅನಂತರ ಒಂದು ಹಳೆಯ ಮರದ ಪೊಟರೆಯ ಬಳಿ ನಿಂತು, ಮೊಬೈಲಿನಿಂದ ಹಾಲಕ್ಕಿಯ ಕೂಗನ್ನು ಪದೇಪದೇ ನುಡಿಸಿ, ತನ್ನ ನೆಲೆಗೆ ಶತ್ರು ಬಂದನೆಂದು ಭ್ರಮಿಸಿದ ಆ ಪುಟ್ಟ ಗೂಬೆಯನ್ನು ಹಗಲ ಬೆಳಕಿಗೆ ಎಳೆದು ತಂದರು. ಅದೂ ಸಣ್ಣ ಗುಂಪೇ, ಮಾರ್ಗದರ್ಶಿಯುಳ್ಳ ನಡಿಗೆಯೇ, ‘ಜವಾಬ್ದಾರಿಯುತ’ ಎಂಬ ವಿಶೇಷಣವನ್ನು ಧರಿಸಿದುದೇ.

ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಓದಿದವರಿಗೆ ಒಂದು ಸೂಕ್ಷ್ಮ ವಿಷಯ ಕಣ್ಣಿಗೆ ಬೀಳುತ್ತದೆ. ಅದು ‘ಬೇಟೆ’ ಎಂಬ ಶಬ್ದಕ್ಕೆ ಕೊಲ್ಲುವುದು ಎಂಬ ಅರ್ಥವನ್ನಷ್ಟೇ ಕೊಟ್ಟು ತೃಪ್ತವಾಗಿಲ್ಲ. ಪ್ರಾಣಿಯನ್ನು ಅಟ್ಟುವುದನ್ನೂ ಆಮಿಷವೊಡ್ಡುವುದನ್ನೂ ಅದರಲ್ಲಿ ಸೇರಿಸಿದೆ. ಅಭಯಾರಣ್ಯದಲ್ಲಿ ಪ್ರಾಣಿಯನ್ನು ಕೆಣಕುವುದನ್ನು ಪ್ರತ್ಯೇಕವಾಗಿ ನಿಷೇಧಿಸಿದೆ. ಚಪ್ಪಾಳೆಯೂ ಕಳ್ಳಕೂಗೂ ನ್ಯಾಯಸ್ಥಾನದಲ್ಲಿ ಏನೆನಿಸಿಕೊಳ್ಳುವುವೋ ಅದು ನ್ಯಾಯವಾದಿಗಳ ವಿಚಾರ; ಬಂದೂಕಿನ ಸ್ಥಾನದಲ್ಲಿ ಮಸೂರ ಬಂದಮಾತ್ರಕ್ಕೆ ಬೇಟೆಯ ಮನೋಧರ್ಮ ಅಳಿಯುವುದಿಲ್ಲವೆಂಬುದು ಮಾತ್ರ ನನ್ನ ವಿಚಾರ. ಸಣ್ಣ ಗುಂಪು, ಮಂದವರ್ಣದ ಉಡುಪು, ಮೌನ, ಗಾಳಿಯ ದಿಕ್ಕಿನ ಅರಿವು, ಇವೆಲ್ಲವೂ ಹಳೆಯ ಬೇಟೆಗಾರನಿಗೂ ಇದ್ದ ಗುಣಗಳು. ಅವನಿಗೂ ಈ ನಡಿಗೆಯವನಿಗೂ ಇರುವ ಏಕೈಕ ಭೇದವೆಂದರೆ, ಗುರಿಯು ಕಣ್ಣೆದುರಿನಲ್ಲಿಯೇ ಇರುವಾಗ ಬೆನ್ನು ತಿರುಗಿಸಬಲ್ಲ ಶಕ್ತಿ. ಆ ಶಕ್ತಿ ಯಾವ ನಾಯಕನಲ್ಲಿಲ್ಲವೋ ಅವನ ನಡಿಗೆಯನ್ನು, ಅವನ ಪಾಂಡಿತ್ಯವೆಷ್ಟೇ ಇರಲಿ, ಉತ್ತಮವೆಂದು ನಾನು ಒಪ್ಪಲಾರೆ.

ಮತ್ತೊಂದು ನ್ಯೂನತೆ ಇದಕ್ಕಿಂತ ಆಳವಾದುದು. ಈ ನಡಿಗೆಗಳ ಭಾಷೆ ಬಹುಮಟ್ಟಿಗೆ ಇಂಗ್ಲಿಷು. ಇವುಗಳ ಜನ ನಗರದ ವಿದ್ಯಾವಂತರು. ಕಾಡಿನ ಅಂಚಿನಲ್ಲಿ ಬಾಳುವವರಿಗೂ ಇವಕ್ಕೂ ಸಂಬಂಧ ಅತ್ಯಲ್ಪ. 2016ರ ನವೆಂಬರಿನಲ್ಲಿ ಗುರುಗ್ರಾಮ ಜಿಲ್ಲೆಯ ಸೋಹ್ನಾ ಬಳಿಯ ಮಂಡಾವರ ಗ್ರಾಮಕ್ಕೆ ನುಗ್ಗಿದ ಚಿರತೆಯನ್ನು ಭೀತರಾದ ಜನ ಬಡಿದು ಕೊಂದರು. ಅದೇ ಚಳಿಗಾಲದಲ್ಲಿ, ದಿಲ್ಲಿಯ ಉತ್ತರದಂಚಿನಲ್ಲಿ, ಬಂಜರಿನಿಂದ ಕಾಡಾಗಿ ಬೆಳೆಸಲಾದ ಯಮುನಾ ಜೀವವೈವಿಧ್ಯ ಉದ್ಯಾನಕ್ಕೆ ತಾನಾಗಿಯೇ ಬಂದು ಸೇರಿದ್ದ ಮತ್ತೊಂದು ಚಿರತೆಯನ್ನು ಬೋನಿಟ್ಟು ಹಿಡಿದು ದೂರಕ್ಕೆ ಸಾಗಿಸಿದರು. ಚಿರತೆಯ ನೆರೆಯಲ್ಲಿ ಹೇಗೆ ಬಾಳಬೇಕೆಂಬ ಶಿಕ್ಷಣ ಅತ್ಯಗತ್ಯವಾಗಿದ್ದುದು ಅಂತಹ ಗ್ರಾಮಗಳಿಗೆ. ನಾವು ಅದನ್ನು ಹಂಚುತ್ತಿರುವುದು ಚಿರತೆಯ ಸಂಪರ್ಕವೇ ಇಲ್ಲದ ಬಹುಮಹಡಿಯ ಮನೆಗಳವರಿಗೆ.

ಗ್ರಾಮಗಳವರು ಕಲಿಯತಕ್ಕವರು ಮಾತ್ರವೇ ಎಂದು ಎಣಿಸುವುದೂ ಅಪಚಾರ. ಗುರುಗ್ರಾಮ ಫರೀದಾಬಾದುಗಳ ಮಧ್ಯೆ ಮಾಂಗರ್ ಬನಿ ಎಂಬ ಕಣಿವೆಯಿದೆ. ಅರಾವಳಿಯ ಮೂಲವನ ಹೇಗಿತ್ತೆಂಬುದನ್ನು ಕಾಣಬೇಕಾದರೆ ಈ ಸೀಮೆಯಲ್ಲಿ ಅದಕ್ಕಿಂತ ಉತ್ತಮವಾದ ಸ್ಥಳವಿಲ್ಲ. ಇಳಿಜಾರಿನುದ್ದಕ್ಕೂ ಧೌ ಮರಗಳ ದಟ್ಟ ತೋಪು. ಅದನ್ನು ಕಾಪಾಡಿದುದು ಸರಕಾರವಲ್ಲ, ಸಂಘಸಂಸ್ಥೆಗಳೂ ಅಲ್ಲ. ಗುದರಿಯಾ ದಾಸ್ ಬಾಬಾ ಎಂಬ ಸಂತನ ವನವದು, ಅಲ್ಲಿ ಕೊಂಬೆ ಕಡಿಯಬಾರದು ಎಂದು ತಲೆಮಾರುಗಳಿಂದ ನಂಬಿ ನಡೆದ ಸುತ್ತಣ ಹಳ್ಳಿಗಳ ಗುಜ್ಜರ ಜನ. ಕೊಡಗಿನ ದೇವರಕಾಡನ್ನೂ ಕರಾವಳಿಯ ನಾಗಬನವನ್ನೂ ಬಲ್ಲ ನಮಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಆ ಹಳ್ಳಿಯ ಒಬ್ಬ ದನಗಾಹಿ ಗುಂಪಿನ ಮುಂದೆ ನಡೆದು ತನ್ನ ನುಡಿಯಲ್ಲಿ ಕಾಡನ್ನು ಹೇಳಿ, ವಿಜ್ಞಾನ ಬಲ್ಲ ತರುಣನು ಅವನ ಪಕ್ಕದಲ್ಲಿ ನಡೆದು ಅದಕ್ಕೆ ತನ್ನದನ್ನು ಸೇರಿಸುವ ನಡಿಗೆಯು ನಿಯಮವಾಗಬೇಕು. ಅವನಿಗೆ ಸಲ್ಲತಕ್ಕ ಸಂಭಾವನೆಯೂ ಸಲ್ಲಬೇಕು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಜ್ಞಾನವನ್ನು ವಿಜ್ಞಾನಿಗಳು ಆದರದಿಂದ ಕೇಳತೊಡಗಿದ್ದಾರೆ. ದಿಲ್ಲಿಯ ಅಂಚಿನಲ್ಲಿ ಅದು ಅಸಾಧ್ಯವೆನ್ನಲು ಕಾರಣ ಕಾಣದು.

ಕೋತಿಗಳ ವಿಷಯವನ್ನೂ ಹೇಳಿಬಿಡಬೇಕು. ಉಚ್ಚನ್ಯಾಯಾಲಯದ 2007ರ ಆದೇಶದ ಮೇರೆಗೆ ನಗರದಲ್ಲಿ ಹಿಡಿದ ಕೋತಿಗಳನ್ನು ತಂದು ಬಿಡುತ್ತಿರುವುದು ಅಸೋಲಾದಲ್ಲಿಯೇ. ಭಕ್ತಿಯಿಂದ ಬಾಳೆಹಣ್ಣು ತಂದು ರಸ್ತೆಯ ಬದಿಯಲ್ಲಿ ಎಸೆಯುವವರಿಂದಾಗಿ ಅವು ಕಾಡನ್ನು ಬಿಟ್ಟು ರಸ್ತೆಯನ್ನೇ ಕಾಯುತ್ತವೆ, ವಾಹನಕ್ಕೆ ಸಿಕ್ಕಿ ಸಾಯುತ್ತವೆ. ದಾನಬುದ್ಧಿಯನ್ನು ನೋಯಿಸದೆ ಈ ದಾನವನ್ನು ಬಿಡಿಸುವುದು ಹೇಗೆಂಬುದನ್ನು ಕಲಿಸುವುದಕ್ಕೆ ನಡಿಗೆಯಲ್ಲಿ ಒಂದು ನಿಲುಗಡೆ ಸಾಕು. ಅಷ್ಟನ್ನು ಮಾಡುವವರೂ ವಿರಳ.

ಪ್ರತಿಯೊಂದು ನಡಿಗೆಯ ಕೊನೆಯಲ್ಲಿ, ದ್ವಾರದ ಬಳಿ ಎಲ್ಲರೂ ವೃತ್ತಾಕಾರವಾಗಿ ನಿಂತು ಕಂಡ ಜೀವಿಗಳ ಪಟ್ಟಿಯನ್ನು ಓದುವುದು ವಾಡಿಕೆ. ಆ ಜನವರಿಯ ಮುಂಜಾವಿನಲ್ಲಿಯೂ ಓದಿದರು. ಟಿಟ್ಟಿಭ, ನವಿಲು, ಗೌಜಲು, ಹರಟೆಮಲ್ಲ ಎಂದು ಹೆಸರುಗಳು ಬಂದುವು. ನೀಲಗಾಯ್, ಎರಡು, ಎಂದು ಬಂದಿತು. ನಾವು ಹಿಂದಿರುಗಿದ ಸಂಗತಿಗೆ ಆ ಪಟ್ಟಿಯಲ್ಲಿ ಅಂಕಣವಿರಲಿಲ್ಲ. ಕಂಡ ಪ್ರಾಣಿಗಳ ಪಕ್ಕದಲ್ಲಿಯೇ, ಎಲ್ಲಿಂದ, ಯಾವ ಪ್ರಾಣಿಗಾಗಿ ಹಿಂದಿರುಗಿದೆವು ಎಂಬುದನ್ನೂ ಬರೆಯುವ ಅಂಕಣವೊಂದನ್ನು ಈ ಸಂಸ್ಥೆಗಳು ತೆರೆಯಲಿ ಎಂಬುದು ನನ್ನ ವಿನಂತಿ. ವರ್ಷದ ಕೊನೆಗೆ ಯಾವ ನಾಯಕನ ಪುಟದಲ್ಲಿ ಅದು ಬರಿದಾಗಿದೆಯೋ ನೋಡಲಿ. ನನ್ನ ಟಿಪ್ಪಣಿಪುಸ್ತಕದಲ್ಲಿ ಆ ದಿನದ ಹೆಸರುಗಳ ಕೆಳಗೆ ನಾನು ಬರೆದುಕೊಂಡಿರುವುದು ಇಷ್ಟು: ನೀಲಿ ಝೀಲ್, ತಲಪಲಿಲ್ಲ, ಕರು ದಾರಿಯಲ್ಲಿತ್ತು.